ಗಡ್ಡೆಗೆ ನಾನು ಹೇಳಿದ ಕಾರಣ

ಅಕ್ಕಾ,

ಇವತ್ತು ನೀನು ರಕ್ತ ಕೊಡೋಕೆ ಹೋಗ್ತಿದ್ದ ರಕ್ತನಿಧಿಗೆ ನಾನೂ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಗೋಡೆ ಮೇಲೆ ನಿನ್ನ ಫೋಟೊ, ಕೆಳಗೆ 'ನಲವತ್ತೊಂದು ಬಾರಿ ರಕ್ತದಾನ'. ಹೊಟ್ಟೆ ಉರಿಯಿತು ಕಣೇ. ಸತ್ತ ಮೇಲೂ ನಿನ್ನದೇ ಮೇಲುಗೈ. ಅಮ್ಮ ಬಂದವರಿಗೆಲ್ಲ ನಿನ್ನ ಪದಕ ತೋರಿಸಿ, ಆಮೇಲೆ "ಇವಳು ಚಿಕ್ಕವಳು" ಅಂತ ನನ್ನ ಕಡೆ ಕೈ ಮಾಡ್ತಿದ್ದಳಲ್ಲ, ಹಾಗೇ ಅನ್ನಿಸಿತು. "ನೀವು ಅವರ ತಂಗಿನಾ?" ಅಂತ ನರ್ಸ್ ಕೇಳಿದಾಗ ಅಲ್ಲ ಅಂದುಬಿಡೋಣ ಅನ್ನಿಸಿತ್ತು.

ಅಲ್ಲಿನ ಡಾಕ್ಟರನ್ನ ಕೇಳಿಯೇಬಿಟ್ಟೆ: "ಅಷ್ಟು ಸಲ ರಕ್ತ ಕೊಟ್ಟಿದ್ದಕ್ಕೇ ಅಲ್ಲವಾ ಅವಳಿಗೆ ಕ್ಯಾನ್ಸರ್ ಗಡ್ಡೆ ಆಗಿದ್ದು?"

ಅವರು ಪೆನ್ನು ಕೆಳಗಿಟ್ಟರು. "ಇಲ್ಲಮ್ಮ, ಹಾಗನ್ನೋಕೆ ಆಧಾರ ಇಲ್ಲ. ಕೊಡೋರಲ್ಲಿ ಕ್ಯಾನ್ಸರ್ ಸ್ವಲ್ಪ ಕಡಿಮೆ ಅಂತಲೂ ಕೆಲವರು ಹೇಳ್ತಾರೆ. ಆದರೆ ಗಟ್ಟಿಮುಟ್ಟಾಗಿರೋರೇ ತಾನೇ ಕೊಡೋಕೆ ಬರೋದು, ಅದಕ್ಕೇ ಹಾಗೆ ಕಾಣಿಸಬಹುದು. ಯಾರು ಹೇಳಿದ್ದು ನಿಮಗೆ?"

ಯಾರೋ ಅಂದೆ.

ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕೂತು, "ಊರವರಿಗೆಲ್ಲ ರಕ್ತ ಹಂಚಿ ಈ ಗಡ್ಡೆ ನೀನೇ ತಂದ್ಕೊಂಡೆ" ಅಂದಿದ್ದೆ. ನೀನು ತೋಳನ್ನೇ ತುಂಬ ಹೊತ್ತು ನೋಡಿಕೊಂಡು, "ಹೌದೇನೇ?" ಅಂದೆ. ನಾನು ಕಿತ್ತಳೆ ಸುಲಿಯುತ್ತಾ ಕೂತಿದ್ದೆ.

ಇವತ್ತು ರಕ್ತ ಕೊಟ್ಟೆ. ನರ್ಸ್ ಹತ್ತಿ ಒತ್ತಿ ಹಿಡಿದಿದ್ದಾಗ, ಅಕ್ಕ ನನ್ನ ವಿಷಯ ಏನಾದರೂ ಹೇಳ್ತಿದ್ದಳಾ ಅಂತ ಕೇಳಿದೆ.

"ಹೇಳದೇ ಏನು? 'ನನ್ನ ತಂಗಿ ನನಗಿಂತ ಗಟ್ಟಿಗಿತ್ತಿ, ಸೂಜಿ ಒಂದಕ್ಕೆ ಹೆದರ್ತಾಳೆ ಅಷ್ಟೇ' ಅನ್ನೋರು."

"ಯಾವಾಗ ಅಂದಿದ್ದು?"

"ಬಂದಾಗಲೆಲ್ಲ."