ನೀಲವ್ವನ ಎತ್ತುಗಳು

ಸೋಮವಾರ, ರಾತ್ರಿ ಒಂಬತ್ತೂವರೆ. ಚೆಂಬೂರು ಮಾರ್ಕೆಟ್ಟಿನಿಂದ ಮೆಂತ್ಯೆ ತಂದದ್ದು ಬಿಟ್ಟರೆ ಬೇರೆ ಕೆಲಸವಾಗಲಿಲ್ಲ.

ಸೊಸೆ ಸೋನಾಲಿ ಪವಾಯಿಯ ಗೇಮ್ ಕಂಪನಿಯಿಂದ ಬಂದವಳೇ ಕೇಳಿದಳು: "ಮಾವ, ನಮ್ಮ ಹೊಲದ ಗೇಮ್‌ದು ಪಾರ್ಟ್ ಫೈವ್ ಮಾಡೋದಾ, ಬಿಲ್‌ಕುಲ್ ನಯಾ ಗೇಮ್ ಮಾಡೋದಾ?"

ಐದನೆಯದು ಬಂದರೆ ನಾಲ್ಕನೆಯದನ್ನು ಮುಚ್ಚುತ್ತಾರಂತೆ. ಅದರಲ್ಲಿ ನನ್ನ ಹೆಂಡತಿ ನೀಲವ್ವನ ಹೊಲವಿದೆ. ಸೋಮವಾರ ಬಸವಣ್ಣನಿಗೆ ರಜೆ ಎಂದು ಅವಳು ಫೋನಿನೊಳಗಿನ ಎತ್ತುಗಳನ್ನೂ ಹೂಡುತ್ತಿರಲಿಲ್ಲ. ಹಾಗಾಗಿ ಆಟದ ಪಟ್ಟಿಯಲ್ಲಿ ಪ್ರತಿ ವಾರ ಅವಳಿಗೆ ಕೊನೆಯ ಸ್ಥಾನ. ಅವಳು ತೀರಿಹೋಗಿ ಐದು ತಿಂಗಳಾಯಿತು. ಈಗ ಆ ಹೊಲ ನೋಡಿಕೊಳ್ಳುವ ನಾನೂ ಸೋಮವಾರ ಹೂಡುವುದಿಲ್ಲ, ನಾನೇ ಕೊನೆಯವನು.

"ಹೊಸಾದು ಮಾಡ್ರಿ. ಹಳೇದಕ್ಕ ಕೈ ಹಚ್ಚಬ್ಯಾಡ್ರಿ," ಎಂದೆ.

"ಪಾರ್ಟ್ ಫೈವ್‌ನಲ್ಲಿ ಟ್ರ್ಯಾಕ್ಟರ್ ಇರ್ತದೆ, ಮಾವ!"

"ಮತ್ತ ಎತ್ತು?"

"ರಿಟೈರ್. ನಿಮ್ಮ ಹಾಗೆ."

ನಕ್ಕುಬಿಟ್ಟೆ. ಆಮೇಲೆ ಫೋನ್ ತೆರೆದು ಎತ್ತುಗಳಿಗೆ ಮೇವು ಹಾಕಿದೆ.

ನಾಳೆ ಹನ್ನೊಂದಕ್ಕೆ ಸೋನಾಲಿಯ ಆಫೀಸಿನಲ್ಲಿ ತೀರ್ಮಾನ.