ಇಲ್ಲ ಅನ್ನುವ ಕೆಲಸ ಅರಾಸೆಲಿಯದು

ಸನ್ನಿಸೈಡ್
ಜೂನ್ ೨೮, ಭಾನುವಾರ

ಪ್ರೀತಿಯ ಫಿದೆನ್ಸಿಯೋ,

ಹೆಬ್ಬೆರಳು ಹೇಗಿದೆ? ಮೀನಿನ ಮುಳ್ಳು ಚುಚ್ಚಿದ್ದು ಸಣ್ಣ ಗಾಯ ಅಂತ ಫೋನಿನಲ್ಲಿ ಹೇಳಿದೆ, ಆದರೆ ಹೇಳುವಾಗ ನಿನ್ನ ದನಿ ಕುಗ್ಗಿತ್ತು. ರಬ್ಬರು ಗವಸಿನ ಒಳಗೆ ನಾನು ಕಟ್ಟಿಕೊಟ್ಟ ಹತ್ತಿ ಗವಸು ಹಾಕಿಕೋ ಮಾರಾಯಾ, ಚೀಲದಲ್ಲಿ ಜೋಪಾನವಾಗಿ ಮಡಿಸಿಟ್ಟು ಹಾಗೇ ವಾಪಸು ತರಬೇಡ. ಈ ಕಾಗದ ತರುವವರ ಕೈಯಲ್ಲಿ ಒಣಮೆಣಸಿನಕಾಯಿ ಪೊಟ್ಟಣ ಕಳಿಸಿದ್ದೇನೆ. ಅಲಾಸ್ಕಾದ ಮೀನು ಕಾರ್ಖಾನೆಯ ಆ ಸಪ್ಪೆ ಊಟಕ್ಕೆ ಅದೊಂದೇ ದಿಕ್ಕು. ನಾನು ಆರಾಮಾಗಿದ್ದೇನೆ. ಚೆರ್ರಿ ಹಣ್ಣು ಡಬ್ಬಕ್ಕೆ ತುಂಬುವ ಶೆಡ್ಡಿನಲ್ಲಿ ನಿಂತು ನಿಂತು ಸಂಜೆಗೆ ಕಾಲು ಊದುತ್ತದೆ, ಅದೇನು ಹೊಸದಲ್ಲ. ಮಗಳು ಮಾರಿಸೋಲ್ ಪರೀಕ್ಷೆ ಮುಗಿಸಿ ಮೂರು ಹೊತ್ತೂ ಮಲಗುತ್ತಾಳೆ. ಗಡಿಯಾಚೆ ನಮ್ಮೂರಿನಿಂದ ನಿಮ್ಮಮ್ಮ ಫೋನ್ ಮಾಡಿದ್ದರು. ಅಲ್ಲಿ ನೀನು ಕಟ್ಟಿಸುತ್ತಿರುವ ಮನೆಯ ಗೋಡೆ ಏರಿ ಪಕ್ಕದವರ ಕೋಳಿಗಳು ಕೂರುತ್ತವಂತೆ, 'ನನ್ನ ಮಗ ಸೂರು ಯಾವಾಗ ಹೊದಿಸ್ತಾನೆ' ಅಂತ ಕೇಳಿದರು. ನಾನು ಹೂಂ ಅಂದು ಮಾತು ಬದಲಿಸಿದೆ. ನನ್ನ ಪಾಪಾಸುಕಳ್ಳಿ ಚೆನ್ನಾಗಿ ಚಿಗುರಿದೆ, ಪಾಪ, ಇನ್ನೂ ಆ ಎಣ್ಣೆ ಡಬ್ಬಿಯಲ್ಲೇ ಒದ್ದಾಡುತ್ತಿದೆ. ಬಾಡಿಗೆ ನೆಲದಲ್ಲಿ ಯಾಕೆ ನೆಡ್ತೀಯ ಅಂತ ನೀನು ತಾನೇ ತಡೆದವನು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಅಂದುಕೊಳ್ಳುತ್ತಿದ್ದೀಯ. ಈಗ ಹೇಳಲಿರುವುದನ್ನು ಹೇಳುವ ಹಾಗಿಲ್ಲ. ನೀನು ಫೋನನ್ನು ಊರಿಗೆಲ್ಲ ಕೇಳುವ ಹಾಗೆ ಇಟ್ಟು ಮಾತಾಡುವವನು, ನಿನ್ನ ಕೆಳಗಿನ ಮಂಚದಲ್ಲಿ ಮಲಗುವವನು ನಿನ್ನ ಕೊಂಪಾದ್ರೆ ಮಕಾರಿಯೋನ ಸೋದರಳಿಯ. ಅದಕ್ಕೇ ಈ ಕಾಗದ. ಓದಿದ ಮೇಲೆ ಹರಿದು ಮೀನಿನ ತಲೆಗಳ ಜೊತೆ ಸಮುದ್ರಕ್ಕೆ ಹಾಕಿಬಿಡು.

ನೀನು ಹೊರಡುವ ಹಿಂದಿನ ಸಂಜೆ ಮಕಾರಿಯೋ ಬಿಯರು ಹಿಡಿದುಕೊಂಡು ಬಂದಿದ್ದು ನೆನಪಿದೆಯಲ್ಲ. ಪಿಕಪ್ ಗಾಡಿ ಕೊಳ್ಳುತ್ತೇನೆ, ಸೊಸೈಟಿಯಲ್ಲಿ ಸಾಲಕ್ಕೆ ಜಾಮೀನು ಕೇಳುತ್ತಾರೆ ಅಂದ. ಅವನ ಮಾತು ಮುಗಿಯುವ ಮೊದಲೇ ನೀನು, 'ಅದಕ್ಕೇನಂತೆ ಕೊಂಪಾದ್ರೆ, ಎಲೋದಿಯಾ ಬಂದು ಸಹಿ ಹಾಕ್ತಾಳೆ' ಅಂದುಬಿಟ್ಟೆ. ನನ್ನ ಮುಖ ಕೂಡ ನೋಡಲಿಲ್ಲ. ನಿನ್ನ ಬಾಯಲ್ಲಿ ಇಲ್ಲ ಅನ್ನುವ ಮಾತು ಬಂದಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿಲ್ಲ. ನಾನೂ ಎದ್ದು ಲೋಟ ತಂದಿಟ್ಟೆ. ದೀಕ್ಷಾಸ್ನಾನದ ದಿನ ಅವನು ನಮ್ಮ ಮಾರಿಸೋಲ್‌ಳನ್ನು ಎತ್ತಿಕೊಂಡು, ಮೇಣದಬತ್ತಿ ಹಿಡಿದು ಜ್ಞಾನಪಿತನಾಗಿ ನಿಂತಿದ್ದ, ಅವತ್ತಿನಿಂದ ಅವನು ನಮಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಜಾಮೀನು ಅಂದರೂ ಅಷ್ಟೇ, ಪಕ್ಕದಲ್ಲಿ ನಿಂತು ಮರ್ಯಾದೆ ಹೆಚ್ಚಿಸುವುದು ಅಂದುಕೊಂಡಿದ್ದೆ. ಅವನು ನಮ್ಮ ಮಗುವಿಗೆ ನಿಂತ, ನಾವು ಅವನ ಗಾಡಿಗೆ ನಿಲ್ಲುತ್ತೇವೆ, ಲೆಕ್ಕ ಚುಕ್ತಾ. ನಮ್ಮ ಕಡೆಯವರೆಲ್ಲ ತಿಳಿದಿರುವುದು ಹಾಗೇ.

ಸೊಸೈಟಿಯಲ್ಲಿ ನಮ್ಮ ಕಡೆಯವರನ್ನು ನೋಡಿಕೊಳ್ಳುವವಳು ಅರಾಸೆಲಿ. ತೋಟದಲ್ಲಿ ಬಿಯರಿಗೆ ಹಾಕುವ ಹಾಪ್ ಬಳ್ಳಿ ಕಟ್ಟುತ್ತಿದ್ದ ಮೊಂತೆಹಾನೋನ ಕಿರಿಯ ಮಗಳು. ಕೌಂಟರಿಗೆ ಮೂಗು ಎಟುಕದ ವಯಸ್ಸಿನಲ್ಲೇ ಎಲ್ಲ ಕಚೇರಿಗಳಲ್ಲೂ ಅಪ್ಪನ ಬಾಯಿಯಾಗಿ ಇಂಗ್ಲಿಷ್ ಮಾತಾಡಿದವಳು, ಈಗ ಊರಿಗೆಲ್ಲ ಬಾಯಿಯಾಗಿದ್ದಾಳೆ. ಎದುರಿಗೆ ಕೂರುವುದಿಲ್ಲ ಫಿದೆನ್ಸಿಯೋ, ಕುರ್ಚಿ ಎಳೆದುಕೊಂಡು ನಮ್ಮ ಪಕ್ಕಕ್ಕೆ ಬರುತ್ತಾಳೆ. ಇಂಗ್ಲಿಷ್ ಕಾಗದವನ್ನು ನಮ್ಮ ಭಾಷೆಯಲ್ಲಿ ನಿಧಾನಕ್ಕೆ ಹೇಳಿ ಮುಗಿಸಿ, 'ಈಗ ನೀವು ನನಗೆ ಹೇಳಿ. ನಾನು ನಿಮ್ಮ ಊರಿನ ಅಕ್ಕ, ನಂಗೇನೂ ಗೊತ್ತಿಲ್ಲ ಅಂದ್ಕೊಳ್ಳಿ' ಅನ್ನುತ್ತಾಳೆ. ಹೇಳಲು ಬಾರದಿದ್ದರೆ ಸಹಿ ಹಾಕಿಸುವುದಿಲ್ಲ, ಮತ್ತೆ ಮೊದಲಿನಿಂದ ಹೇಳುತ್ತಾಳೆ. ನಾನು ಮಕಾರಿಯೋ ಜೊತೆ ಹೋದ ದಿನ ನಮಗಿಂತ ಮುಂಚೆ ಒಬ್ಬ ಮುದುಕ ಕೂತಿದ್ದ. ಅವನು ಬಡ್ಡಿ ಅಂದರೇನು ಅಂತ ತಾನೇ ಬಿಡಿಸಿ ಹೇಳುವ ತನಕ ಅವಳು ಎದ್ದೇಳಲಿಲ್ಲ. ಕೊನೆಗೆ ಸರಿಯಾಗಿ ಹೇಳಿದಾಗ ಇಬ್ಬರೂ ಲಾಟರಿ ಹೊಡೆದವರ ಹಾಗೆ ನಕ್ಕರು. ಹಿಂದೆ ಕಾಯುತ್ತಿದ್ದ ನಾವು ಕೂಡ ನಕ್ಕೆವು.

ನಮ್ಮ ಸರದಿ ಬಂದಾಗ ಮಕಾರಿಯೋ ಎದೆ ಉಬ್ಬಿಸಿ ಹೇಳಿದ: 'ಗಾಡಿ ನಾನು ತಗೋತೀನಿ, ಕೊಮಾದ್ರೆ ಸಾಕ್ಷಿಗೆ ಇರ್ತಾಳೆ.' ಅರಾಸೆಲಿ ತಲೆಯಾಡಿಸಿದಳು. 'ಸಾಕ್ಷಿ ಅಲ್ಲ ದೊನ್ ಮಕಾರಿಯೋ. ನೀವು ಕಟ್ಟದಿದ್ರೆ ಇವರು ಕಟ್ಬೇಕು. ಪೂರ್ತಿ.' ಅವನು ಬಿದ್ದು ಬಿದ್ದು ನಕ್ಕ. 'ನಾನ್ಯಾಕಮ್ಮ ಕಟ್ಟಲ್ಲ? ಈ ಕಣಿವೆಲಿ ಯಾರನ್ನಾದ್ರೂ ಕೇಳು, ಮಕಾರಿಯೋ ಅಂದ್ರೆ ಯಾರು ಅಂತ!' ಆಮೇಲೆ ಅವಳು ನನ್ನ ಕಡೆ ತಿರುಗಿ, ನೀವು ಹೇಳಿ ಅಂದಳು. ನಾನು ಕೈಚೀಲದ ಗುಂಡಿಯನ್ನು ತೆಗೆಯುತ್ತಿದ್ದೆ, ಹಾಕುತ್ತಿದ್ದೆ. ಅವಳು ಆ ಕೈಯನ್ನು ನೋಡಿದಳು. ನೋಡಿ, ಮಕಾರಿಯೋಗೆ, 'ಗಾಡಿ ಎಷ್ಟು ಓಡಿದೆ ಅಂತ ಮೀಟರಿನ ಫೋಟೋ ಬೇಕಲ್ಲ, ಮಾರುವವನ ಅಂಗಡಿ ಎದುರಿಗೇ ಇದೆ, ತೆಗೆದುಕೊಂಡು ಬಂದುಬಿಡಿ' ಅಂದಳು. ಅವನು ಹೋದ.

ಆಗ ಅವಳು ದನಿ ತಗ್ಗಿಸಿ ಕೇಳಿದಳು. 'ದೊನ್ಯಾ ಎಲೋದಿಯಾ, ಲಾರ್ಸೆನ್ ಅಮ್ಮನ ಮನೆ ಕೊಳ್ಳೋಕೆ ಸಾಲ ಕೇಳಿದ್ದೀರಲ್ಲ. ಇದಕ್ಕೆ ಸಹಿ ಹಾಕಿದ್ರೆ ಆ ಸಾಲ ಸಿಗಲ್ಲ. ಎರಡನ್ನೂ ನಿಮ್ಮ ಸಂಬಳ ಹೊರಲ್ಲ. ಆದ್ರೂ ಹಾಕ್ಬೇಕು ಅಂದ್ರೆ ಹಾಕಿ, ನಾನು ತಡೆಯೋಳಲ್ಲ. ನಿಮಗೆ ಇಷ್ಟ ಇದೆಯಾ?' ನಾವು ಇಷ್ಟು ವರ್ಷ ಬಾಡಿಗೆ ಕಟ್ಟಿದ ಮನೆ, ಸೆಪ್ಟೆಂಬರ್ ಕಳೆಯುವ ತನಕ ನಿಮಗಾಗಿಯೇ ಕಾಯುತ್ತೇನೆ ಅಂತ ಆ ಮುದುಕಿ ಮಾತು ಕೊಟ್ಟ ಮನೆ, ಒಂದು ಪಿಕಪ್ ಗಾಡಿಯ ಹಿಂದೆ ಹೊರಟುಹೋಗುತ್ತಿತ್ತು. ಆದರೂ ನಾನು ಹೇಳಿದ್ದೇನು ಗೊತ್ತೇ? 'ಅವನು ನಮ್ಮ ಕೊಂಪಾದ್ರೆ ಕಣಮ್ಮ.' ಅವಳು ಬಿಡಲಿಲ್ಲ. 'ಅವರು ಯಾರು ಅಂತ ಕೇಳ್ಲಿಲ್ಲ. ನಿಮಗೆ ಇಷ್ಟ ಇದೆಯಾ ಅಂತ ಕೇಳ್ದೆ.'

ನನಗೆ ಅಳು ಬಂದುಬಿಟ್ಟಿತು ಫಿದೆನ್ಸಿಯೋ. ಅಷ್ಟು ಜನರ ಮಧ್ಯೆ, ಶೆಡ್ಡಿನ ಚೆರ್ರಿ ಕಲೆಯ ಅಂಗಿಯಲ್ಲೇ ಕೂತು ಅತ್ತೆ. ಅಪ್ಪ ಕೇಳಲಿಲ್ಲ, ಅಣ್ಣಂದಿರು ಕೇಳಲಿಲ್ಲ, ಗಡಿ ದಾಟಿ ಬರುವಾಗ ಯಾರೂ ಕೇಳಲಿಲ್ಲ. ನೀನು ಒಳ್ಳೆಯವನು, ಆದರೆ ನೀನೂ ಕೇಳಿದವನಲ್ಲ, ಬೇಸರ ಮಾಡಿಕೊಳ್ಳಬೇಡ. ಕೊನೆಗೆ ಇಷ್ಟ ಇಲ್ಲ ಅಂದೆ. ಆದರೆ ಅವನ ಮುಖ ನೋಡಿ ಹೇಳಲಾರೆ, ಹೇಳಿದರೆ ಸಂಬಂಧ ಮುರಿಯುತ್ತದೆ, ಮಾರಿಸೋಲ್‌ಗೆ ಜ್ಞಾನಪಿತನೇ ಇಲ್ಲವಾಗುತ್ತಾನೆ ಅಂದೆ. ಅವಳು ಕಾಗದದ ಕರವಸ್ತ್ರ ನನ್ನ ಕೈಗಿಟ್ಟು, 'ನೀವು ಯಾಕೆ ಹೇಳ್ತೀರಿ? ಇಲ್ಲ ಅನ್ನೋದು ನನ್ನ ಕೆಲಸ. ಸುಮ್ನೆ ಕೂತಿರಿ' ಅಂದಳು.

ಮಕಾರಿಯೋ ಫೋಟೋ ಹಿಡಿದು ಬಂದ ಕೂಡಲೇ ನೇರವಾಗಿ ಹೇಳಿದಳು. 'ಇವರ ಜಾಮೀನು ನಾನು ತಗೊಳ್ಳಲ್ಲ. ತೀರ್ಮಾನ ನಂದು, ಇವರನ್ನ ಏನೂ ಅನ್ಬೇಡಿ.' ಅಯ್ಯೋ, ಆಗ ನೋಡಬೇಕಿತ್ತು! ಅವನ ಮೀಸೆ ಕುಣಿಯಿತು. 'ಇಲ್ಲಿ ಹುಟ್ಟಿದ ಕೂಡ್ಲೇ ಬಿಳಿಯರ ಮನೆಮಗಳಾಗ್ಬಿಟ್ಯಾ? ತೆಂಗಿನಕಾಯಿ ಕಣೇ ನೀನು! ಹೊರಗೆ ಕಂದು, ಒಳಗೆ ಬಿಳಿ! ನಿಮ್ಮಪ್ಪಂಗೆ ಹೇಳ್ತೀನಿ ತಾಳು!' ಅವಳ ಕಿವಿ ಕೆಂಪಾಯಿತು, ಮುಖ ಬದಲಾಗಲಿಲ್ಲ. 'ಹೇಳಿ ದೊನ್ ಮಕಾರಿಯೋ, ಅಪ್ಪ ಮನೇಲೇ ಇರ್ತಾರೆ. ಆದ್ರೆ ಆ ಗಾಡಿ ಮಾತ್ರ ತಗೋಬೇಡಿ, ಮಾರೋನು ಎರಡು ಗಾಡಿ ದುಡ್ಡು ಒಂದಕ್ಕೇ ಕೇಳ್ತಿದ್ದಾನೆ. ಸಿಟ್ಟು ಇಳಿದ ಮೇಲೆ ಬನ್ನಿ, ಯಾರ ಜಾಮೀನೂ ಇಲ್ದೆ ಏನು ಮಾಡ್ಬಹುದು ನೋಡೋಣ' ಅಂದಳು. ಅವನು ನನ್ನನ್ನೂ ಎಬ್ಬಿಸಿಕೊಂಡು ಬಾಗಿಲು ಬಡಿದು ಹೊರಟ. ದಾರಿಯುದ್ದಕ್ಕೂ ನನ್ನನ್ನೇ ಸಮಾಧಾನ ಮಾಡಿದ, 'ನೀನು ಬೇಜಾರಾಗ್ಬೇಡ ಕೊಮಾದ್ರೆ, ನಿಂದೇನು ತಪ್ಪು' ಅಂತ. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಮುಂದಿನ ಭಾನುವಾರದ ಹೊತ್ತಿಗೆ ಊರೆಲ್ಲ ಇದೇ ಮಾತು. ಚರ್ಚಿನ ಅಂಗಳದಲ್ಲಿ ನಾನು ಜೋಳದ ಹಿಟ್ಟಿನ ಕಡುಬು, ತಮಾಲೆಗಳ ಹಂಡೆ ಇಟ್ಟುಕೊಂಡು ಮಾರಲು ಕೂತಿದ್ದೆ. ಅರಾಸೆಲಿ ತಾಯಿಯ ಕೈ ಹಿಡಿದು ಬಂದಳು. ಅವಳಿಂದಲೇ ಸಾಲ ಪಡೆದು ಸೂರು ಕಂಡವರು ಕೂಡ ಬೆನ್ನು ತಿರುಗಿಸಿದರು. ಒಬ್ಬ 'ಕಾಯಿ ಬಂತು ಕಾಯಿ' ಅಂತ ಮೆಲ್ಲಗೆ ಅಂದ, ಅವಳ ತಾಯಿಗೂ ಕೇಳಿಸಿತು. ನಾನು ಎದ್ದು ನಿಂತು, ಇವಳನ್ನು ಏನೂ ಅನ್ನಬೇಡಿ, ಬೇಡ ಅಂದವಳು ನಾನು ಅಂತ ಕೂಗಿಬಿಡೋಣ ಅಂತ ಹಂಡೆಯ ಮುಚ್ಚಳ ಕೆಳಗಿಟ್ಟೆ. ಅವಳು ನನ್ನೆದುರು ಬಂದು ನಿಂತು, ಬೇಡ ಅನ್ನುವ ಹಾಗೆ ತಲೆಯಾಡಿಸಿ, 'ಹಸಿಮೆಣಸಿನಕಾಯಿದು ನಾಲ್ಕು ಕೊಡಿ ದೊನ್ಯಾ, ಖಾರ ಇರ್ಲಿ' ಅಂದಳು. ನಾನು ಆರು ಕಟ್ಟಿಕೊಟ್ಟೆ. ಲೆಕ್ಕ ಹಾಕಿ ಆರಕ್ಕೂ ದುಡ್ಡು ಕೊಟ್ಟು ಹೋದಳು, ಒಂದು ಡಾಲರ್ ಕೂಡ ಕಡಿಮೆ ತೆಗೆದುಕೊಳ್ಳಲು ಬಿಡಲಿಲ್ಲ. ನಮ್ಮ ಮಗಳ ವಯಸ್ಸಿಗಿಂತ ಸ್ವಲ್ಪ ದೊಡ್ಡವಳು ಅಷ್ಟೇ. ಇಂಥ ಗಟ್ಟಿತನ ಎಲ್ಲಿಂದ ಬಂತೋ, ಕಾಲಿಗೆ ಬೀಳಬೇಕು ಅನ್ನಿಸಿತು.

ಇನ್ನು ನಗುವ ವಿಷಯ ಕೇಳು. ಎಲ್ಲೂ ಸಾಲ ಹುಟ್ಟದೆ ಮಕಾರಿಯೋ ಮೊನ್ನೆ ತಾನಾಗಿ ಅವಳ ಹತ್ತಿರ ಹೋದ. ಅವಳು ಹಳೆಯದೇನೂ ಎತ್ತಲಿಲ್ಲವಂತೆ, ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಳಂತೆ. ಅವನ ಸ್ವಂತ ಹೆಸರಿನಲ್ಲೇ ಸಣ್ಣ ಸಾಲ ಮಾಡಿಸಿಕೊಟ್ಟಿದ್ದಾಳೆ. ಓಡಿಸುವವನು ಕೂರುವ ಎಡಗಡೆಯ ಬಾಗಿಲು ಒಳಗಿನಿಂದ ಮಾತ್ರ ತೆರೆಯುವ, ಆದರೆ ಎಂಜಿನ್ ಗಟ್ಟಿಯಾಗಿರುವ ಹಳೇ ಗಾಡಿ ಬಂದಿದೆ. ಅವನು ಬಲಗಡೆಯಿಂದ ಹತ್ತಿ, ಸೀಟಿನ ಮೇಲೆ ಜಾರಿಕೊಂಡು ಹೋಗಿ ಓಡಿಸುತ್ತಾನೆ. 'ನೋಡ್ದ್ಯಾ ಕೊಮಾದ್ರೆ, ಜೋರು ಮಾಡಿದ್ದಕ್ಕೆ ದಾರಿಗೆ ಬಂದ್ಲು' ಅಂತ ಮೀಸೆ ತಿರುವಿದ. ಅವಳಿಗೆ ಇದನ್ನು ಹೇಳಿದರೆ, 'ಹೌದು ದೊನ್ಯಾ, ಹೆದರಿಬಿಟ್ಟೆ' ಅಂತ ನಕ್ಕಳು. ನಿನಗೂ ಅವನು ಫೋನಿನಲ್ಲಿ ಕೊಚ್ಚಿಕೊಳ್ಳುತ್ತಾನೆ. ಹೌದಾ ಕೊಂಪಾದ್ರೆ, ಭೇಷ್ ಅನ್ನು, ಅಷ್ಟಕ್ಕೇ ನಿಲ್ಲಿಸು. ನಗಬೇಡ.

ಕಾಗದ ಒಯ್ಯುವವರು ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಗ್ವಾದಲೂಪೆಯ ಮಾತೆ ನಿನ್ನ ಬೆರಳುಗಳನ್ನೂ ಬೆನ್ನನ್ನೂ ಕಾಯಲಿ. ಜೊತೆಯವರಿಗೆಲ್ಲ ನಮಸ್ಕಾರ ಹೇಳು, ಕೆಳಗಿನ ಮಂಚದವನಿಗೂ. ಮಾರಿಸೋಲ್ ನಿದ್ದೆಗಣ್ಣಲ್ಲೇ ಅಪ್ಪನಿಗೊಂದು ಮುತ್ತು ಅಂದಳು.

ನಿನ್ನ
ಎಲೋದಿಯಾ

ತಾ.ಕ.: ಮನೆ ಸಾಲದ ಕಾಗದಗಳು ತಯಾರಾಗಿವೆ. ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಅರಾಸೆಲಿ ಅದೇ ಪ್ರಶ್ನೆ ಕೇಳಿದಳು. ಇಷ್ಟ ಇದೆ ಅಂದೆ. ಈಗ ನಿನ್ನನ್ನು ಕೇಳಬೇಕಂತೆ, ನಾನು ಪಕ್ಕದಲ್ಲಿ ಇಲ್ಲದಾಗ. 'ನಿಮ್ಮ ಯಜಮಾನ್ರು ಎಲ್ಲದಕ್ಕೂ ಆಗ್ಲಿ ಅಂತಾರಲ್ಲ, ಅದಕ್ಕೇ' ಅಂದಳು. ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡುತ್ತಾಳೆ, ಒಬ್ಬನೇ ಹಡಗುಕಟ್ಟೆಯ ತುದಿಗೆ ಹೋಗಿ ನಿಲ್ಲು. ಎಲೋದಿಯಾ ಹೇಳಿದ್ದಾಳೆ ಅನ್ನಬೇಡ, ನಿನ್ನ ಮನಸ್ಸು ಹೇಳು. ಊರಿನ ಸೂರಿಲ್ಲದ ಆ ಗೋಡೆಗಳೇ ನಿನ್ನ ಕಣ್ಣ ಮುಂದೆ ಬಂದರೆ ಇಲ್ಲ ಅನ್ನು. ಅವಳು ನನಗೆ 'ತೀರ್ಮಾನ ನಂದು' ಅಂತ ಹೇಳುತ್ತಾಳೆ. ನಾನು ಅವಳನ್ನು ತೆಂಗಿನಕಾಯಿ ಅಂತ ಬೈದು ಮನೆಗೆ ಬರುತ್ತೇನೆ, ನಿನ್ನನ್ನು ಯಾವತ್ತೂ ಏನೂ ಕೇಳುವುದಿಲ್ಲ. ಗುರುವಾರದ ತನಕ ಪಾಪಾಸುಕಳ್ಳಿಯನ್ನು ಡಬ್ಬಿಯಲ್ಲೇ ಇಟ್ಟಿರುತ್ತೇನೆ. ಗುಂಡಿ ಮಾತ್ರ ತೋಡಿಟ್ಟಿದ್ದೇನೆ.