ಭುಜದ ಮೇಲಿನ ಕತ್ತಲು

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆಯಿಂದ ಜೇಡಿಮಣ್ಣು. ಹೆಂಗಸಿನ ಬೆನ್ನು — ತಲೆಯಿಲ್ಲ, ತೋಳಿಲ್ಲ. ಇದಕ್ಕೆ ಅಚ್ಚು ತೆಗೆದು ಗಾಜು ಕರಗಿಸಬೇಕು. ಜನವರಿಯಲ್ಲಿ ಲಿಬೆರೆತ್ಸ್ ಪಟ್ಟಣದಲ್ಲಿ ಪ್ರದರ್ಶನ. ನನ್ನೊಬ್ಬಳ ಹೆಸರಿನಲ್ಲಿ ಮೊದಲನೆಯದು. ಅರವತ್ತು ದಾಟಿದ ಮೇಲೆ.

ಊಟದ ಹೊತ್ತಿಗೆ ಬ್ಲಾಂಕಾ ಓತಾನನ್ನು ನನ್ನ ಕಾರ್ಯಾಗಾರಕ್ಕೆ ಕರೆತಂದಳು. ನನ್ನ ಹಳೆಯ ಗಂಡ, ಅವಳ ಈಗಿನ ಗಂಡ. ಲಕ್ವಾ ಹೊಡೆದ ಮೇಲೆ ಅವನ ಬಲಗೈ ಏಳುವುದಿಲ್ಲ. ಬಾಯಲ್ಲಿ ಉಳಿದಿರುವುದು ‘ಇಲ್ಲ’ ಎಂಬ ಒಂದೇ ಮಾತು.

“ಮನೇಲಿ ಕೂರಲ್ಲ ಯರ್ಮಿಲಾ ಅವರೇ. ಕೋಟು ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೋತಾರೆ. ಮಂಗಳವಾರ ಮಂಗಳವಾರ ಇಲ್ಲಿ ಬಿಟ್ಟು ಹೋಗ್ಲಾ?”

“ಇದೇನು ಶಿಶುವಿಹಾರವಾ?”

“ಶಿಶುವಾಗಿದ್ರೆ ಹೊಡೆದಾದ್ರೂ ಕೂರಿಸ್ತಿದ್ದೆ. ಸೂಪ್ ತಂದಿದೀನಿ.”

ಅಣಬೆ ಹಾಕಿದ ಆಲೂಗಡ್ಡೆ ಸೂಪ್. ಚೆನ್ನಾಗಿತ್ತು. ಒಪ್ಪಿಕೊಂಡೆ.

ಸೆಪ್ಟೆಂಬರ್ 16

ಮದುವೆಯಾಗಿದ್ದಷ್ಟು ಕಾಲ ಜೊತೆಯಲ್ಲೇ ಕೆಲಸ. ಅವನು ಚಿತ್ರ ಬರೆಯುತ್ತಿದ್ದ. ಮಣ್ಣು, ಅಚ್ಚು, ಕುಲುಮೆ ನನ್ನವು. ಕೆಳಗೆ ಇಬ್ಬರ ಹೆಸರೂ ಇರುತ್ತಿತ್ತು. ಜನ ಮಾತ್ರ ‘ಓತಾನ ಗಾಜು’ ಎಂದೇ ಕರೆದರು.

ಇವತ್ತು ಫೋನ್ ಬಂತೆಂದು ಅಂಗಳಕ್ಕೆ ಹೋಗಿದ್ದೆ. ಬಂದು ನೋಡಿದರೆ ಅವನ ಎಡಗೈಯಲ್ಲಿ ಮಣ್ಣು ಕೊಯ್ಯುವ ತಂತಿ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾನೆ. ಬೆನ್ನಿನ ಎಡಭುಜದಿಂದ ಒಂದು ಹೋಳು ಕೆಳಗೆ ಬಿದ್ದಿದೆ.

“ಯಾರು ಮುಟ್ಟು ಅಂದಿದ್ದು?”

“ಇಲ್ಲ.”

“ಏನು ಇಲ್ಲ?”

“ಇಲ್ಲ, ಇಲ್ಲ!” ಭುಜ ತೋರಿಸಿದ. ಕಿಟಕಿ ತೋರಿಸಿದ.

ಅರ್ಥವಾಯಿತು. ಅಷ್ಟು ದಪ್ಪವಿದ್ದರೆ ಗಾಜಿನೊಳಕ್ಕೆ ಬೆಳಕು ಇಳಿಯುವುದಿಲ್ಲ. ಅರ್ಥವಾಗದವಳಂತೆ ನಿಂತೆ. ಸಂಜೆ ಅವನನ್ನು ಕರೆದೊಯ್ಯಲು ಬಂದ ಬ್ಲಾಂಕಾಗೆ ಹೋಳು ತೋರಿಸಿ ದೂರಿದೆ.

ಸೆಪ್ಟೆಂಬರ್ 17, ಬೆಳಿಗ್ಗೆ

ಕೊಯ್ದ ಭುಜ ಚೆನ್ನಾಗಿದೆ. ನಾನು ಮಾಡಿದ್ದಕ್ಕಿಂತ ಚೆನ್ನಾಗಿದೆ.

ಹೋಳಿಗೆ ನೀರು ಸವರಿ ವಾಪಸ್ ಅಂಟಿಸಿದೆ. ಹೆಬ್ಬೆರಳಿನಿಂದ ತೀಡಿದೆ. ಗುರುತು ಉಳಿಯಲಿಲ್ಲ.

ಅಕ್ಟೋಬರ್ 6

ಅಚ್ಚು ಒಣಗಿದೆ. ಬೂದುಹಸಿರು ಗಾಜಿನ ತುಂಡುಗಳನ್ನು ತುಂಬಿ ಕುಲುಮೆ ಆನ್ ಮಾಡಿದೆ. ಕರಗುವುದೇನೋ ಬೇಗ. ತಣಿಯುವುದಕ್ಕೇ ವಾರಗಟ್ಟಲೆ ಬೇಕು. ಆತುರಪಟ್ಟು ಬಾಗಿಲು ತೆಗೆದರೆ ಸೀಳು.

ನವೆಂಬರ್ 2

ಸತ್ತವರ ಹಬ್ಬ. ಸ್ಮಶಾನದ ತುಂಬ ದೀಪ. ಬ್ಲಾಂಕಾ ಓತಾನ ಅಮ್ಮನ ಗೋರಿ ತೊಳೆಯುತ್ತಿದ್ದಳು.

“ನಿಮಗೂ ಅತ್ತೆ ತಾನೇ, ಒಂದು ದೀಪ ಹಚ್ಚಿ.”

“ನನ್ನ ಸೂಪಿಗೆ ಉಪ್ಪೇ ಇಲ್ಲ ಅಂತಿದ್ದಳು.”

“ನಂದು ಬರೀ ಉಪ್ಪು ಅಂತಿದ್ರು!”

ಇಬ್ಬರೂ ನಕ್ಕೆವು. ಪಕ್ಕದ ಗೋರಿಯವರು ತಿರುಗಿ ನೋಡಿದರು. ಆಮೇಲೆ ಕೇಳಿದಳು, “ಅವರು ಕೊಯ್ದಿದ್ದನ್ನ ಹಾಗೇ ಬಿಟ್ರಾ?”

“ಇಲ್ಲ. ಮತ್ತೆ ಅಂಟಿಸಿದೆ.”

“ಗೊತ್ತಾದ್ರೆ ನೊಂದ್ಕೋತಾರೆ.”

“ನೊಂದುಕೊಳ್ಳಲಿ.”

ನವೆಂಬರ್ 28

ಕುಲುಮೆ ತೆಗೆದೆ. ಅಚ್ಚು ಒಡೆದೆ. ಸೀಳಿಲ್ಲ.

ಕೂತು ಬಿಯರ್ ಕುಡಿದೆ.

ಡಿಸೆಂಬರ್ 15

ಉಜ್ಜಿ ಹೊಳಪು ಕೊಟ್ಟಿದ್ದಾಯಿತು. ಬೆನ್ನುಹುರಿಯ ಉದ್ದಕ್ಕೂ ಬೆಳಕು ನೀರಿನಂತೆ ಇಳಿಯುತ್ತದೆ. ಎಡಭುಜ ಮಾತ್ರ ಕತ್ತಲು. ಸಾಣೆಯ ಚಕ್ರಕ್ಕೆ ಹಿಡಿದರೆ ಈಗಲೂ ತೆಳ್ಳಗೆ ಮಾಡಬಹುದು... ಎರಡು ಸಲ ಚಕ್ರ ತಿರುಗಿಸಿದೆ. ಎರಡು ಸಲವೂ ನಿಲ್ಲಿಸಿದೆ.

ಬುಡದಲ್ಲಿ ಹೆಸರು ಕೆತ್ತಿದೆ. ಒಂದೇ ಹೆಸರು. ಪಕ್ಕದ ಜಾಗ ಖಾಲಿ ಖಾಲಿ ಕಂಡಿತು.

ಡಿಸೆಂಬರ್ 16

ಓತಾ ಗಾಜಿನ ಬೆನ್ನಿಗೆ ಒಂದು ಸುತ್ತು ಬಂದ. ಭುಜದ ಎದುರು ನಿಂತ. “ಇಲ್ಲ.”

“ನೀನು ಹೇಳಿದ್ದೇ ಸರಿ. ಅಲ್ಲಿ ಕತ್ತಲು. ಇನ್ನೂ ತೆಗೀಬಹುದು, ತೆಗೆಯಲ್ಲ. ಇದು ನಂದು ಓತಾ.”

ಒಂದು ಕೈಯಲ್ಲೇ ಒದ್ದಾಡಿ ಕೋಟು ಹಾಕಿಕೊಂಡ. ಸಹಾಯಕ್ಕೆ ಹೋದರೆ ಕೈ ಕೊಡವಿದ. ಬ್ಲಾಂಕಾ ಬರುವವರೆಗೂ ಹೊರಗೆ ಹಿಮದಲ್ಲೇ ನಿಂತಿದ್ದ. ಸೂಪ್ ಹಾಗೇ ಉಳಿಯಿತು.

ಜನವರಿ 22

ಪ್ರದರ್ಶನ ಶುರುವಾಯಿತು. ಅಲ್ಲಿಯ ಮೇಲ್ವಿಚಾರಕಿ ಮೆಲ್ಲಗೆ ಕೇಳಿದಳು, “ಇದರಲ್ಲಿ ಓತಾ ಅವರ ಪಾಲು ಎಷ್ಟಿದೆ ಮೇಡಂ?”

“ಆ ಭುಜ ಬಿಟ್ಟು ಉಳಿದದ್ದರ ಬಗ್ಗೆ ಅವನದೇನೂ ತಕರಾರಿಲ್ಲ” ಎಂದೆ.

ಅವಳಿಗೆ ತಿಳಿಯಲಿಲ್ಲ. ಓತಾ ಬರಲಿಲ್ಲ. ಬ್ಲಾಂಕಾ ಒಬ್ಬಳೇ ಬಂದಳು, ಗಸಗಸೆ ಕೇಕ್ ಹಿಡಿದುಕೊಂಡು. ಭುಜದ ಎದುರು ಬಹಳ ಹೊತ್ತು ನಿಂತಳು. 

ಜನವರಿ 27, ಮಂಗಳವಾರ

ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಓತಾ. ಒಬ್ಬನೇ. ಯಿಜೆರಾ ನದಿಯ ಸೇತುವೆ ದಾಟಿ ಕಾಲೆಳೆದುಕೊಂಡು ಬಂದಿದ್ದಾನೆ. ಬ್ಲಾಂಕಾಗೆ ಫೋನ್ ಮಾಡಿದೆ. ಊರೆಲ್ಲ ಹುಡುಕುತ್ತಿದ್ದಳಂತೆ. ಅತ್ತಳು, ಬೈದಳು, ಸಂಜೆ ಬರುತ್ತೇನೆ ಎಂದಳು.

ಹೊಸ ಮಣ್ಣು ಕಲಸಿಟ್ಟಿದ್ದೆ. ಒಂದು ದೊಡ್ಡ ಮುದ್ದೆ ತೆಗೆದು ಅವನ ಮುಂದಿಟ್ಟೆ. ತಂತಿಯನ್ನೂ ಕೊಟ್ಟೆ.

“ಇದು ನಿಂದು. ಅದು ನಂದು. ಅತ್ತ ಕೈ ಹಾಕಿದ್ರೆ ಮನೆಗೆ ಕಳಿಸ್ತೀನಿ.”

“ಇಲ್ಲ” ಎಂದ. ಕೋಟು ಬಿಚ್ಚಿದ. ಎಡಗೈ ಮಣ್ಣಿಗೆ ಹಾಕಿದ.

ನನ್ನ ಪಾಡಿಗೆ ನಾನು. ನೋಡಬಾರದು ಎಂದುಕೊಂಡೆ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ, ಅವನೂ. ಕೊನೆಗೆ ಕೈ ತೊಳೆಯುವ ನೆಪದಲ್ಲಿ ಎದ್ದು ಬಗ್ಗಿ ನೋಡಿದರೆ — ಅದೇ ಎಡಭುಜ, ತೆಳ್ಳಗೆ, ಅವತ್ತು ಅವನು ಕೊಯ್ದಂತೆಯೇ.